ಲಕ್ಷಪ್ಪನ ರಕ್ತದಲ್ಲಿ ಬಿದ್ದ ಬೆಂಕಿ

ಲಕ್ಷಪ್ಪ ಟೈಲರ್ ಹೊಲಿದ ಕೋಟು ತೊಡಿಸಿ ಒಬ್ಬ ಮನುಷ್ಯನನ್ನು ಮಣ್ಣಿಗೆ ಇಳಿಸುತ್ತಿದ್ದಾಗ ಆ ಹೆಣ ಎದ್ದು ಕೂತು, ತೋಳನ್ನು ಹಿಂದೆ ಮುಂದೆ ಆಡಿಸಿ ನೋಡಿ, "ಭುಜದ ಹತ್ತಿರ ಒಂಚೂರೂ ಹಿಡಿಯಲ್ಲ, ಟೈಲರಿಗೆ ಹೇಳಿಬಿಡಿ" ಎಂದು ಮತ್ತೆ ಮಲಗಿತಂತೆ! ಸುತ್ತ ನಿಂತಿದ್ದ ಲಕ್ಷ ಜನ ಅದನ್ನು ಕಣ್ಣಾರೆ ಕಂಡರಂತೆ!

ಆ ಬೆಳಿಗ್ಗೆ ಊಟದ ಮೇಜಿನ ಮುಂದೆ ಕೂತು ಲಕ್ಷಪ್ಪ ಈ ಕಥೆ ಹೇಳುತ್ತಿದ್ದುದು ಯಾರನ್ನೂ ನಂಬಿಸಲಿಕ್ಕಲ್ಲ. ಎದುರಿಗೆ ಅವನ ಅಕ್ಕ ಕೂತಿದ್ದಳು, ತುಟಿ ಬಿಗಿದುಕೊಂಡು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಹಳದಿ ತೆಗೆದು ಬಿಳಿ ಭಾಗವನ್ನಷ್ಟೇ ಬೇಯಿಸಿದ ಮೊಟ್ಟೆಯ ಬಟ್ಟಲು ಅವಳ ಕೈಯಲ್ಲಿತ್ತು. ಇಬ್ಬರ ನಡುವೆ ಮೇಜಿನ ಮೇಲೆ ಡಯಾಲಿಸಿಸ್ ಆಸ್ಪತ್ರೆಯ ರಕ್ತಪರೀಕ್ಷೆಯ ಹಾಳೆ ಬಿದ್ದಿತ್ತು. ಇಬ್ಬರಲ್ಲಿ ಒಬ್ಬರಾದರೂ ನಕ್ಕುಬಿಟ್ಟರೆ ಬರಲಿರುವ ಬಿರುಗಾಳಿ ಪಕ್ಕದ ಬೀದಿಗೆ ತಿರುಗಿಕೊಂಡೀತು ಎಂಬುದು ಅವನ ಆಸೆ. ಯಾರೂ ನಗಲಿಲ್ಲ.

"ನಿನ್ನ ಹೆಣದ ಕಥೆ ಸಾಕು ಮಾಡು ತಮ್ಮಾ!" ಅಕ್ಕ ಮೇಜು ಗುದ್ದಿದಳು. "ಇಲ್ನೋಡು, ಅಲ್ಬುಮಿನ್ ಅಂತ ರಕ್ತದ ಪ್ರೋಟೀನು ಇದೆಯಲ್ಲ, ಅದು ಇಳಿದಿದೆ. ಹಾಗಂದ್ರೇನು ಅಂತ ನಾನು ಕೇಳ್ಕೊಂಡೇ ಬಂದಿದೀನಿ. ಹೊಟ್ಟೆಗೆ ಸರಿಯಾಗಿ ಹಾಕದಿದ್ರೆ ಅದು ಇಳಿಯುತ್ತಂತೆ. ಈಗ ಹೇಳು, ಈ ಮನೇಲಿ ನಿನಗೆ ಯಾರು ಊಟ ಹಾಕೋದು?"

ಪ್ರಶ್ನೆ ತಮ್ಮನಿಗೆ. ಕಣ್ಣು ಸೊಸೆಯ ಮೇಲೆ.

"ದೊಡ್ಡತ್ತೆ... ನಾನು ಡಾಕ್ಟರು ಹೇಳಿದ ಹಾಗೇ..." ಸೊಸೆ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ಬಾಯಿ ಮುಚ್ಚು! ನಮ್ಮಮ್ಮ ಹೋದಮೇಲೆ ನನ್ನ ತಟ್ಟೇಲಿ ತಿಂದು ಬೆಳೆದವನು ಇವನು. ಹೇಗಿದ್ದ, ಹೇಗಾಗಿದಾನೆ ನೋಡು! ಕತ್ತಿನ ಮೂಳೆಗೆ ಅಂಗಿ ನೇತು ಹಾಕಬಹುದು!"

ಲಕ್ಷಪ್ಪ ಎದೆ ಸೆಟೆಸಿದ. "ಅಕ್ಕಾ, ಸುಮ್ನೆ ಅವಳ ಮೇಲೆ ಹಾಯಬೇಡ. ನನ್ನ ಸೊಸೆ ನನಗೆ ದಿನಾ ಒಂದು ಬುಟ್ಟಿ ಮೊಟ್ಟೆ ತಿನ್ನಿಸ್ತಾಳೆ. ಕಡಲಲ್ಲಿ ಮೀನು ಉಳಿದಿಲ್ಲ, ಎಲ್ಲಾ ನನ್ನ ಹೊಟ್ಟೇಲಿದೆ. ನಿನ್ನೆ ಒಂದೇ ಏಟಿಗೆ ಲಕ್ಷ ತುತ್ತು..."

"ಕೇಳಿದ್ರಾ?" ಅಕ್ಕ ಗೋಡೆಗೆ ಹೇಳಿದಳು. "ಲಕ್ಷ ತುತ್ತಂತೆ! ಎರಡು ತುತ್ತು ತಿಂದಿದ್ರೆ ಎರಡು ಅಂತಿದ್ದ."

ಅಲ್ಲಿಗೆ ಅವನ ಸಾಕ್ಷಿ ಬಿದ್ದುಹೋಯಿತು. ಜೀವಮಾನವಿಡೀ ಬಾಯಿಬಿಟ್ಟರೆ ಲಕ್ಷ ಎನ್ನುತ್ತಿದ್ದನೆಂದೇ ಆ ಬೀದಿ ಅವನಿಗೆ ಲಕ್ಷಪ್ಪ ಎಂದು ಹೆಸರಿಟ್ಟಿತ್ತು. ಹೆತ್ತವರಿಟ್ಟ ಹೆಸರು ಅವನಿಗೇ ಮರೆತಿತ್ತು. ಅವನು ಹೊಲಿದ ಪ್ಯಾಂಟು ತೊಟ್ಟು ಕುಂಟರು ಕುಣಿದಿದ್ದರು. ಅವನ ಹೊಲಿಗೆಯ ಗೆರೆ ನೋಡಿ ರಸ್ತೆ ಹಾಕುವವರು ರಸ್ತೆ ನೇರ ಮಾಡಿಕೊಂಡಿದ್ದರು. ದಾರ ಕತ್ತರಿಸಲು ಅವನು ಕತ್ತರಿ ಮುಟ್ಟಿದವನೇ ಅಲ್ಲ, ಎಡಗಡೆಯ ಕೋರೆಹಲ್ಲಿಗೆ ದಾರ ಸಿಕ್ಕಿಸಿ ಟಕ್ ಎನಿಸುತ್ತಿದ್ದ. ಆ ಟಕ್ ಮೂರು ಬೀದಿಯಾಚೆಗೆ ಕೇಳಿ ಜನ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂದೂ ಹೇಳಿಕೊಳ್ಳುತ್ತಿದ್ದ. ಇಂಥವನು ಇವತ್ತು, ಬದುಕಿನಲ್ಲಿ ಅಪರೂಪಕ್ಕೆ, ನಿಜ ಹೇಳಿದ್ದ. ಸೊಸೆ ಅವನಿಗೆ ಹೊಟ್ಟೆ ತುಂಬ ಹಾಕುತ್ತಿದ್ದಳು, ಅವನು ಹಾಕಿದ್ದನ್ನೆಲ್ಲ ತಿನ್ನುತ್ತಿದ್ದ. ಆದರೆ ಆ ನಿಜವೂ ಲಕ್ಷದ ಅಂಗಿ ತೊಟ್ಟುಕೊಂಡೇ ಹೊರಬಿದ್ದಿತ್ತು!

ಅವನ ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮೂತ್ರಪಿಂಡಗಳು ಕೈಕೊಟ್ಟ ದಿನದಿಂದ ಅವನ ಜೀವವನ್ನು ಹೊತ್ತುಕೊಂಡು ಓಡಾಡಿದವಳು ಸೊಸೆ. ಕುಡಿಯುವ ನೀರನ್ನು ಅಳೆದು ಲೋಟಕ್ಕೆ ಬಿಡುವವಳು ಅವಳು. ಬಾಯಾರಿ ಅವನು ಒದ್ದಾಡಿದರೆ ನಾಲಗೆಯ ಮೇಲೆ ಒಂದು ಚೂರು ಮಂಜುಗಡ್ಡೆ ಇಡುವವಳು ಅವಳು. ತರಕಾರಿ ಹೆಚ್ಚಿ, ಬೇಯಿಸಿ, ನೀರು ಬಸಿದು, ಮತ್ತೆ ಬೇಯಿಸಿ, ಉಪ್ಪಿಲ್ಲದ ಆ ಸಪ್ಪೆಗೆ ಹೇಗೋ ರುಚಿ ಹುಟ್ಟಿಸುವವಳೂ ಅವಳೇ. ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವಾಗ ಸೂಜಿ ಚುಚ್ಚುವ ಅವನ ಎಡಗೈಯನ್ನು ಯಾರೂ ತಾಕದಂತೆ ತಾನೇ ಗೋಡೆಯಾಗಿ ನಡೆಯುತ್ತಿದ್ದಳು. ಇದಕ್ಕೆಲ್ಲ ಅವನು ಒಮ್ಮೆಯೂ ಅವಳಿಗೆ ಕೃತಜ್ಞತೆ ಹೇಳಿರಲಿಲ್ಲ. ಎದೆಯಲ್ಲಿ ಅದು ತುಂಬಿ ತುಳುಕುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಮಾತ್ರ ಇನ್ನೊಂದು ಬಡಾಯಿಯಾಗಿಬಿಡುತ್ತಿತ್ತು. "ನನ್ನಂಥ ಮಾವ ಸಿಗೋಕೆ ನೀನು ಲಕ್ಷ ಪುಣ್ಯ ಮಾಡಿರಬೇಕು ಕಣಮ್ಮ" ಎನ್ನುತ್ತಿದ್ದ. ಅವಳು ನಗುತ್ತಿದ್ದಳು.

ತಮ್ಮ ಸೊರಗುತ್ತಿದ್ದಾನೆಂದು ತಿಳಿದು ಅಕ್ಕ ಬಂದು ಮನೆಯಲ್ಲಿ ಕೂತ ಮೇಲೆ ಆ ನಗು ನಿಂತಿತ್ತು.

ಮುಂದಿನ ಸಲ ಡಯಾಲಿಸಿಸ್‌ಗೆ ಹೊರಟಾಗ ಸೊಸೆಯನ್ನು ಜೊತೆಗೆ ಹೋಗಲು ಅಕ್ಕ ಬಿಡಲಿಲ್ಲ. ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಅಪ್ಪನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಮುಖ ತಪ್ಪಿಸಿ ಹೋದ. ಲಕ್ಷಪ್ಪ ತನ್ನ ಕುರ್ಚಿಯಲ್ಲಿ ಒರಗಿದ. ಎರಡು ದಪ್ಪ ಸೂಜಿ ಕೈಗಿಳಿದವು. "ಏನು ತಂಗಿ, ಇದು ಸೂಜಿನಾ! ನಾನು ಗೋಣಿಚೀಲ ಹೊಲಿಯೋದು ಇದಕ್ಕಿಂತ ದಪ್ಪದ್ದರಲ್ಲಿ" ಎಂದು ಟೆಕ್ನಿಷಿಯನ್ನಿಗೆ ಹೇಳಿದ. ಅವಳು ನಕ್ಕು ಪಟ್ಟಿ ಅಂಟಿಸಿದಳು. ಕೆಂಪು ನಳಿಕೆಯಲ್ಲಿ ಅವನ ರಕ್ತ ಮಿಷನ್ನಿಗೆ ಹೋಗಿ, ತೊಳೆದುಕೊಂಡು, ಮರಳಿ ಬರತೊಡಗಿತು. ಆ ಮಿಷನ್ನಿನ ಮೇಲೆ ಅವನಿಗೆ ಹೇಳಲಾರದಷ್ಟು ಪ್ರೀತಿ. ಪ್ರತಿ ಸಲ ಎದ್ದು ಹೋಗುವ ಮೊದಲು ಅದರ ಬೆನ್ನು ಸವರಿ "ಬರ್ತೀನಪ್ಪ" ಎನ್ನುತ್ತಿದ್ದ.

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

"ನಿಮ್ಮ ಅಲ್ಬುಮಿನ್ ಇಳಿದದ್ದು ಊಟ ಸಾಲದೆ ಅಂತ ಮೊದಲು ನಾನೂ ಅಂದ್ಕೊಂಡೆ. ಆದ್ರೆ ರಕ್ತ ಹೆಚ್ಚಲಿ ಅಂತ ಕೊಡೋ ಇಂಜೆಕ್ಷನ್ನೂ ಕೆಲಸ ಮಾಡ್ತಿಲ್ಲ. ಅನುಮಾನ ಬಂದು ಸಿಆರ್‌ಪಿ ಅಂತ ಇನ್ನೊಂದು ಪರೀಕ್ಷೆ ಮಾಡಿಸಿದೆ. ಮೈಯೊಳಗೆ ಉರಿಯೂತ ಇದ್ರೆ ಅದು ಏರುತ್ತೆ. ಐದರೊಳಗೆ ಇರಬೇಕಾದ್ದು ನಿಮ್ಮಲ್ಲಿ ನಲವತ್ತೆರಡಾಗಿದೆ."

"ಉರಿಯೂತ ಅಂದ್ರೆ?"

"ಎಲ್ಲೋ ಒಂದು ಕಡೆ ಒಳಗೊಳಗೇ ಬೆಂಕಿ ಹೊಗೆಯಾಡ್ತಿದೆ ಅಂತ. ನಿಮ್ಮ ಅಂಗಡೀಲಿ ನಾಲ್ಕು ಜನ ಹೊಲೀತಾ ಕೂತಿದಾರೆ, ಹಿಂದುಗಡೆ ಬೆಂಕಿ ಬಿತ್ತು ಅಂದ್ಕೊಳ್ಳಿ. ಎಲ್ಲರೂ ಬಕೆಟ್ ಹಿಡ್ಕೊಂಡು ಆ ಕಡೆ ಓಡ್ತಾರೆ. ಬಟ್ಟೆ ರಾಶಿ ಬಿದ್ದಿದ್ರೂ ಒಂದು ಅಂಗಿ ಆಗಲ್ಲ. ನಿಮ್ಮ ಲಿವರ್ ಪಾಡೂ ಅದೇ. ಮನೆಯವರು ಎಷ್ಟು ಚೆನ್ನಾಗಿ ಊಟ ಹಾಕಿದ್ರೂ ಅದು ಅಲ್ಬುಮಿನ್ ಮಾಡೋದು ಬಿಟ್ಟು ಬೆಂಕಿಯ ಹಿಂದೆ ಬಿದ್ದಿದೆ."

ಲಕ್ಷಪ್ಪನ ಕಣ್ಣು ತುಂಬಿತು. ಹಾಗಾದರೆ ಸೊಸೆಯ ತಪ್ಪಿಲ್ಲ... ಅವಳು ಹಾಕಿದ ಒಂದೊಂದು ತುತ್ತೂ ಸರಿಯಾಗಿಯೇ ಇತ್ತು!

"ಡಯಾಲಿಸಿಸ್‌ನವರಲ್ಲಿ ಇದು ಒಂಚೂರು ಮೇಲಿರೋದು ಉಂಟು. ನಿಮ್ಮದು ಹಾರಿದೆ. ಹೀಗೇ ಬಿಟ್ರೆ ಹೃದಯಕ್ಕೆ ಒಳ್ಳೇದಲ್ಲ. ಬೆಂಕಿ ಎಲ್ಲಿದೆ ಅಂತ ಹುಡುಕಲೇಬೇಕು." ಅವರು ಅವನ ಕೈಯ ಸೂಜಿ ಜಾಗ ನೋಡಿದರು, ಪಾದದ ಬೆರಳ ಸಂದಿ ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. "ಜ್ವರ ಬರುತ್ತಾ? ಕೆಮ್ಮು? ಎಲ್ಲಾದ್ರೂ ನೋವು? ಹಲ್ಲು, ವಸಡು?"

ಬಾಯಿಯೊಳಗೆ ನಾಲಗೆ ತಾನಾಗಿ ಎಡಗಡೆಯ ಕೋರೆಹಲ್ಲಿನ ಕಡೆ ಸರಿಯಿತು. ಬುಡದಲ್ಲಿ ಉಬ್ಬಿದ್ದ ವಸಡನ್ನು ತಾಕಿ, ಚುರ್ ಎಂದು ಹಿಂದೆ ಬಂತು.

"ಹಲ್ಲಾ! ಡಾಕ್ಟರಮ್ಮಾ, ಇದೇ ಹಲ್ಲಲ್ಲಿ ಕಚ್ಚಿ ಒಂದು ಲಾರಿ ಎಳೆದವನು ನಾನು. ನೋವಾ? ನನಗಾ? ನೋವು ಅನ್ನೋದು ನನ್ನ ಮನೆ ವಿಳಾಸ ಸಿಕ್ಕದೆ ಇನ್ನೂ ಊರೆಲ್ಲ ಅಲೀತಿದೆ!"

ಡಾಕ್ಟರಮ್ಮ ನಗಲಿಲ್ಲ. "ಮುಂದಿನ ಸಲ ಮನೆಯವರನ್ನ ಕರ್ಕೊಂಡು ಬನ್ನಿ. ನಾನೇ ಮಾತಾಡ್ತೀನಿ" ಎಂದು ಎದ್ದರು.

ಸಂಜೆ ಮನೆಗೆ ಬಂದವನೇ ಲಕ್ಷಪ್ಪ ಹೊಸ್ತಿಲಿನಿಂದಲೇ ಕೂಗಿದ. "ಅಕ್ಕಾ! ಸೊಸೆಯ ತಪ್ಪಿಲ್ಲ! ನನ್ನ ರಕ್ತದಲ್ಲಿ ಬೆಂಕಿ ಬಿದ್ದಿದೆ! ಐದಿರಬೇಕಾದ್ದು ನಲವತ್ತೆರಡು ಸಾವಿರ ಇದೆಯಂತೆ! ಆಸ್ಪತ್ರೆಯ ಡಾಕ್ಟರುಗಳೆಲ್ಲ ನನ್ನ ಸುತ್ತ ನಿಂತು ಕೈ ಕಾಯಿಸಿಕೊಂಡ್ರು!"

ಅಕ್ಕ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಅವಳನ್ನ ಉಳಿಸೋಕೆ ಇನ್ನೇನೇನು ಕಟ್ತೀಯೋ? ಬೆಂಕಿಯಂತೆ! ಎಲ್ಲಿ ಬಿದ್ದಿದೆ ಬೆಂಕಿ, ತೋರಿಸು ನೋಡೋಣ!"

ಅವನು ಬಾಯಿ ತೆರೆದ. ತೆರೆದ ಬಾಯಿಯನ್ನು ಮುಚ್ಚಿದ.

ಆ ಮೌನವೇ ಸೊಸೆಗೆ ಶಿಕ್ಷೆಯಾಯಿತು. ಮಗ ಎರಡು ದಿನ ಸೋದರತ್ತೆಯ ಮಾತಿಗೂ ಹೆಂಡತಿಯ ಕಣ್ಣೀರಿಗೂ ನಡುವೆ ಒದ್ದಾಡಿದ. ಕೊನೆಗೆ ತಲೆ ತಗ್ಗಿಸಿಕೊಂಡು ಬಂದು ನಿಂತ. "ಸ್ವಲ್ಪ ದಿನ ನೀನು ನಿಮ್ಮಮ್ಮನ ಮನೇಲಿ ಇರು. ಅತ್ತೆ ಅಡುಗೆ ನೋಡ್ಕೋತಾರೆ. ಅಪ್ಪನ ರಕ್ತ ಸರಿಹೋದ್ಮೇಲೆ..."

"ಸರಿಹೋದ್ರೆ ನಾನು ಕೊಲ್ತಿದ್ದೆ ಅಂತಾಗುತ್ತೆ. ಹೋಗದಿದ್ರೆ?" ಅವಳು ಕೇಳಿದಳು.

ಹೊರಡುವ ಮಧ್ಯಾಹ್ನ ಅವಳ ಚೀಲದ ಪಟ್ಟಿ ಕಿತ್ತುಬಂತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಲಕ್ಷಪ್ಪ ಕೂತಿದ್ದ. ಅವಳು ಚೀಲವನ್ನು ಮೆಲ್ಲಗೆ ಅವನ ಮುಂದಿಟ್ಟಳು.

"ಮಾವ, ಇದೊಂದು ಹಾಕಿಕೊಡ್ತೀರಾ? ಬಸ್ಸಿಗೆ ಹೊತ್ತಾಯ್ತು. ದೊಡ್ಡತ್ತೆಗೆ ಎಲ್ಲಾ ಹೇಳಿದೀನಿ... ನೀವು ನೀರು ಕೇಳಿದ್ರೆ ಜಾಸ್ತಿ ಕೊಡಬೇಡಿ ಅಂದಿದೀನಿ. ಬೈಬೇಡಿ ಅವರನ್ನ."

ಲಕ್ಷಪ್ಪ ಚೀಲವನ್ನು ಹತ್ತಿರ ಎಳೆದುಕೊಂಡ. ಸೂಜಿಯ ಕಣ್ಣು ಮಂಜಾಗಿ ಕಂಡಿತು. ತನ್ನನ್ನು ಬದುಕಿಸಿದವಳನ್ನು ಮನೆಯಿಂದ ಕಳಿಸುವ ಚೀಲಕ್ಕೆ ತಾನೇ ಹೊಲಿಗೆ ಹಾಕುವ ದಿನ ಬಂತೇ! ಪೆಡಲು ತುಳಿದ. ಪಟ್ಟಿ ಕೂತಿತು. ಹೊಲಿಗೆ ಮುಗಿದು, ಚೀಲವನ್ನು ಎತ್ತಿ, ಅಭ್ಯಾಸದಂತೆ ದಾರವನ್ನು ಬಾಯಿಯ ಹತ್ತಿರ ಒಯ್ದವನು ಅಲ್ಲೇ ತಡೆದ. ದಾರ ಕೆಳಗಿಳಿಯಿತು. ಡ್ರಾಯರು ಎಳೆದು ಕತ್ತರಿ ಹುಡುಕಿ, ಕಚ್ ಎಂದು ಕತ್ತರಿಸಿದ.

ಸೊಸೆ ಚೀಲ ತೆಗೆದುಕೊಳ್ಳಲಿಲ್ಲ. ಕತ್ತರಿಯನ್ನೇ ನೋಡುತ್ತಿದ್ದಳು.

"ಮಾವ... ಕತ್ತರಿ?"

"ಅದಾ? ಹೊಸದು. ಧಾರ ಹೇಗಿದೆ ಅಂತ... ಗಾಳಿಯನ್ನೂ ಕತ್ತರಿಸುತ್ತೆ, ಗೊತ್ತಾ..."

"ಬಾಯಿ ತೆಗೀರಿ."

"ಏನಮ್ಮ ನೀನು, ಬಸ್ಸು..."

"ಬಸ್ಸು ಹೋದ್ರೆ ಹೋಗಲಿ. ಬಾಯಿ ತೆಗೀರಿ ಅಂದೆ!"

ಆ ಮನೆಗೆ ಕಾಲಿಟ್ಟ ದಿನದಿಂದ ಅವಳು ಅಷ್ಟು ಗಟ್ಟಿ ಮಾತಾಡಿದ್ದು ಅದೇ ಮೊದಲು. ಲಕ್ಷಪ್ಪ ಬಾಯಿ ತೆರೆದ. ಅವಳು ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಕೋರೆಹಲ್ಲು ಉದ್ದಕ್ಕೆ ಸೀಳಿತ್ತು. ಅದರ ಮೇಲೆ ವಸಡು ಕೆಂಪಾಗಿ ಊದಿ, ತುದಿಯಲ್ಲಿ ಹಳದಿ ಕೀವು ಕಟ್ಟಿತ್ತು. ಲವಂಗದ ವಾಸನೆ ಗಪ್ಪೆಂದು ಹೊಡೆಯಿತು.

"ದೊಡ್ಡತ್ತೇ! ಬೇಗ ಬನ್ನಿ ಇಲ್ಲಿ!"

ಅಕ್ಕ ಓಡಿ ಬಂದಳು, ನೋಡಿದಳು, ಗೋಡೆ ಹಿಡಿದುಕೊಂಡಳು. ಲಕ್ಷಪ್ಪನ ಮಾತು ನಡುವೆ ನಡುವೆ ನಿಲ್ಲುತ್ತ ಹೊರಬಿತ್ತು: ಡಾಕ್ಟರಮ್ಮ ಹೇಳಿದ್ದು ನಿಜ, ನಲವತ್ತೆರಡು ಸಾವಿರವಲ್ಲ, ಬರೀ ನಲವತ್ತೆರಡು. ಅವರು ಹಲ್ಲಿನ ಬಗ್ಗೆ ಕೇಳಿದ್ದರು, ತಾನು ಹೇಳಲಿಲ್ಲ. ಸೊಸೆ ಅಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡಿದಳು. "ಇದೇ ಇರಬೇಕು ನೋಡಿ!" ಡಾಕ್ಟರಮ್ಮನ ದನಿ ಕೋಣೆಗೆಲ್ಲ ಕೇಳಿತು. "ಮಾತ್ರೆ ಹೇಳ್ತೀನಿ, ಇವತ್ತೇ ಶುರು ಮಾಡಿ. ಡಯಾಲಿಸಿಸ್ ಇಲ್ಲದ ದಿನ ನೋಡಿ ಹಲ್ಲು ಕೀಳಿಸಿಬಿಡಿ. ಆಮೇಲೆ ಸಿಆರ್‌ಪಿ ಇಳಿಯುತ್ತೆ, ನೀವು ಹಾಕೋ ಊಟ ಮೈಗೆ ಹತ್ತುತ್ತೆ. ಅಲ್ಲಮ್ಮ, ಈ ಮನುಷ್ಯ ಇಷ್ಟು ದಿನ ಗಟ್ಟಿಯಾಗಿ ಉಳಿದದ್ದೇ ನಿಮ್ಮ ಅಡುಗೆಯಿಂದ."

ಸೊಸೆ ಫೋನು ಕೆಳಗಿಟ್ಟಳು. ಅಕ್ಕ ಅವಳ ಕೈಯನ್ನು ಹಿಡಿದುಕೊಂಡು ಬಿಕ್ಕಿದಳು. "ನನ್ನ ನಾಲಿಗೆಗೆ ಬರೆ ಹಾಕಮ್ಮ... ತಮ್ಮ ಕೈಬಿಟ್ಟು ಹೋಗ್ತಾನೇನೋ ಅನ್ನೋ ಹೆದರಿಕೇಲಿ ಯಾರನ್ನಾದ್ರೂ ಬೈಬೇಕಿತ್ತು... ಎದುರಿಗೆ ನೀನು ಸಿಕ್ಕಿದೆ. ಇವನನ್ನ ಇಷ್ಟು ದಿನ ಉಳಿಸಿಕೊಟ್ಟವಳನ್ನ ನಾನು... ಅಯ್ಯೋ..."

"ಬಿಡಿ ದೊಡ್ಡತ್ತೆ. ನೀವು ಅತ್ರೆ ನಾನೂ ಅಳ್ತೀನಿ" ಎನ್ನುವಷ್ಟರಲ್ಲಿ ಅವಳು ಆಗಲೇ ಅಳುತ್ತಿದ್ದಳು. ಆಮೇಲೆ ಲಕ್ಷಪ್ಪನ ಕಡೆ ತಿರುಗಿದಳು. "ಡಾಕ್ಟರು ಅಷ್ಟು ಕೇಳಿದಾಗಲೂ ಯಾಕೆ ಹೇಳಲಿಲ್ಲ ಮಾವ?"

ಇಬ್ಬರು ಹೆಂಗಸರ ನಾಲ್ಕು ಒದ್ದೆ ಕಣ್ಣುಗಳು ಅವನ ಮೇಲೆ ನೆಟ್ಟವು. ಬಡಾಯಿಗಾರನಿಗೆ ಇದಕ್ಕಿಂತ ದೊಡ್ಡ ಸಭೆ ಬೇಕೇ? ಅವನ ಎದೆ ತಾನಾಗಿ ಉಬ್ಬಿತು. "ನಿನಗೋಸ್ಕರ ಕಣಮ್ಮ! ಆಗಲೇ ನನ್ನ ಹಿಂದೆ ಆಸ್ಪತ್ರೆಗೆ ಅಲೆದು ನೀನು ಸವೆದಿದೀಯ. ಇನ್ನೊಂದು ಆಸ್ಪತ್ರೆ ಮೆಟ್ಟಿಲು ನಿನ್ನ ಕೈಲಿ ಹತ್ತಿಸಬಾರದು ಅಂತ ಹಲ್ಲು ಕಚ್ಚಿ... ಅಂದ್ರೆ ಕಚ್ಚದೇ... ಲಕ್ಷ ನೋವು ನುಂಗಿಕೊಂಡೆ!"

ಇದನ್ನು ಮಾತ್ರ ಎಲ್ಲರೂ ನಂಬಿಬಿಟ್ಟರು.

ಸೊಸೆ ಚೀಲ ಬಿಚ್ಚಿ ಬಟ್ಟೆ ಕಪಾಟಿಗೆ ಸೇರಿಸಿದಳು. ಸುದ್ದಿ ಕೇಳಿದ ಮಗ ಗ್ಯಾರೇಜಿನಿಂದ ಮಸಿ ಕೈಯಲ್ಲೇ ಓಡಿಬಂದು ಹೆಂಡತಿಯ ಮುಂದೆ ನಿಂತು ಗಳಗಳ ಅತ್ತ. ಅಪ್ಪನ ಭುಜ ಹಿಡಿದು, "ಇಷ್ಟು ನೋವು ತಿಂದ್ಯಲ್ಲಪ್ಪ ನಮಗೋಸ್ಕರ..." ಎಂದ. ಅಕ್ಕ ಬೀದಿಯಲ್ಲಿ ಸಿಕ್ಕವರಿಗೆಲ್ಲ ತಮ್ಮನ ತ್ಯಾಗವನ್ನು ಹೇಳಿಬಂದಳು. ಲಕ್ಷಪ್ಪ ತಿನ್ನಲು ಕೂತರೆ ಸೊಸೆ ಮೆತ್ತಗೆ ಮಾಡಿದ ತುತ್ತನ್ನು ಅವನ ಬಾಯಿಯ ಬಲಗಡೆಗೇ ಇಡುತ್ತಿದ್ದಳು, ಇಡುವಾಗಲೆಲ್ಲ ಅವಳ ಕಣ್ಣು ಒದ್ದೆಯಾಗುತ್ತಿತ್ತು. "ನಮ್ಮಪ್ಪನೂ ನನಗೆ ಇಷ್ಟು ಮಾಡ್ತಿರಲಿಲ್ಲ ಮಾವ" ಎಂದಳು ಒಂದು ಸಲ. ಲಕ್ಷಪ್ಪ ಬಟ್ಟಲನ್ನು ದೂರ ಸರಿಸಿದ. ಬದುಕಿನಲ್ಲಿ ಮೊದಲ ಸಲ ಅವನ ಮಾತು ನಂಬಿದವರನ್ನು ಕಂಡು ಅವನಿಗೆ ಎದೆ ಭಾರವಾಯಿತು. ಹೊಗಳಿಕೆ ಬೇಕೆನಿಸಲಿಲ್ಲ. ಯಾರಾದರೂ "ಸುಳ್ಳು ಬೊಗಳಬೇಡ" ಎಂದು ಗದರಿದ್ದರೆ ಹಾಯೆನಿಸುತ್ತಿತ್ತೇನೋ.

ಹಲ್ಲಿನ ಡಾಕ್ಟರ ಬಳಿ ಹೋಗುವ ದಿನ ಇಡೀ ಮನೆಯೇ ಹೊರಟಿತು. ಬೀದಿಯ ಕೊನೆಯ ಕ್ಲಿನಿಕ್ಕೇ ಹತ್ತಿರವೆಂದು ಮಗ ಅಲ್ಲಿಗೇ ಗಾಡಿ ನಿಲ್ಲಿಸಿದ. ಬೋರ್ಡು ಕಂಡದ್ದೇ ಲಕ್ಷಪ್ಪ, "ಬೇರೆ ಕಡೆ ಹೋಗೋಣ ಕಣೋ, ಇವನಿಗೆ ಕೈಗುಣ ಇಲ್ಲ" ಎಂದ. ಮಗ ಕೇಳಲಿಲ್ಲ. ಬೆಂಚಿನ ಮೇಲೆ ಅಕ್ಕ ಒಂದು ಕಡೆ, ಸೊಸೆ ಇನ್ನೊಂದು ಕಡೆ ಕೂತರು. ಅಕ್ಕ ಎದುರು ಬೆಂಚಿನವರಿಗೆ, "ಸೊಸೆಗೆ ತೊಂದ್ರೆ ಆಗಬಾರದು ಅಂತ ಈ ನನ್ನ ತಮ್ಮ..." ಎಂದು ಶುರು ಮಾಡುವಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಹಲ್ಲಿನ ಡಾಕ್ಟರು ಹೊರಗೆ ಇಣುಕಿದವರು ಲಕ್ಷಪ್ಪನನ್ನು ಕಂಡು ನಿಂತುಬಿಟ್ಟರು.

"ಅರೇ, ಟೈಲರು! ಕೊನೆಗೂ ಬಂದ್ರಾ? ಎಲ್ರೀ ನಮ್ಮ ಬಟ್ಟೆ?"

"ಯಾವ ಬಟ್ಟೆ ಡಾಕ್ಟ್ರೇ?" ಸೊಸೆ ಕೇಳಿದಳು.

"ಕುರ್ಚೀಲಿ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿ ನಾನು ಕೈ ತೊಳ್ಕೊಂಡು ತಿರುಗಿ ನೋಡ್ತೀನಿ, ಕುರ್ಚಿ ಖಾಲಿ! ಬಟ್ಟೆ ಕಟ್ಟಿಕೊಂಡೇ ಬೀದೀಲಿ ಓಡಿದ್ರು ಕಣಮ್ಮ. ಒಂದು ಸಲ ಅಲ್ಲ, ಎರಡು ಸಲ!"

ಅಕ್ಕನ ಅರ್ಧ ಮಾತು ಬಾಯಲ್ಲೇ ಉಳಿಯಿತು. ಮಗ ಅಪ್ಪನನ್ನು ನೋಡಿದ. ಲಕ್ಷಪ್ಪ ತನ್ನ ಚಪ್ಪಲಿ ನೋಡಿಕೊಂಡ. ತಪ್ಪಿಸಿಕೊಳ್ಳಲು ಒಂದು ಕಥೆ ನಾಲಗೆಯ ತುದಿಗೆ ಬಂದಿತ್ತು: ಬೀದಿಯಲ್ಲಿ ಒಂದು ಮಗು ಗಾಡಿಯಡಿ ಸಿಗುವುದರಲ್ಲಿತ್ತು, ಅದನ್ನು ಉಳಿಸಲೆಂದು ಓಡಿದ್ದು... ಸೊಸೆ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ.

"ಮಾವ. ನನಗೋಸ್ಕರ ಅಂದ್ರಲ್ಲ..."

ಆ ಕಥೆ ನಾಲಗೆಯ ಮೇಲೇ ಸತ್ತಿತು.

"ಇಲ್ಲ ಕಣಮ್ಮ," ಎಂದ ಲಕ್ಷಪ್ಪ. ದನಿ ಸಣ್ಣದಾಗಿತ್ತು. "ನಿನಗೋಸ್ಕರ ಅಲ್ಲ. ಭಯ. ಆ ಇಕ್ಕಳ ನೋಡಿದ್ರೆ ನನಗೆ ಕೈಕಾಲು ತಣ್ಣಗಾಗುತ್ತೆ. ಹೇಳಿದ್ರೆ ಇಲ್ಲಿಗೆ ಎಳ್ಕೊಂಡು ಬರ್ತೀರ ಅಂತ ಮುಚ್ಚಿಟ್ಟೆ. ಡಾಕ್ಟರಮ್ಮ ಹಲ್ಲು ಅಂದಾಗಲೇ ನನಗೆ ಅನುಮಾನ ಬಂತು, ಬೆಂಕಿ ಅಲ್ಲೇ ಇದೆ ಅಂತ. ಆದ್ರೂ ಬಾಯಿ ಬಿಡಲಿಲ್ಲ. ಅಕ್ಕ ನಿನ್ನ ಬೈತಿದ್ಲು, ನಾನು ಕೇಳಿಸಿಕೊಂಡು ಕೂತಿದ್ದೆ. ನೀನು ಚೀಲ ತಂದಿಟ್ಟಾಗಲೂ ಹೊಲಿದುಕೊಟ್ಟೆ... ತ್ಯಾಗ ಗೀಗ ನಾನೇನೂ ಮಾಡಿಲ್ಲ. ಮಾಡಿದ್ದೆಲ್ಲ ನೀನು."

ಅವನು ಉಸಿರು ತೆಗೆದುಕೊಂಡ.

"ನೀನು ಹಾಕಿದ್ದನ್ನೆಲ್ಲ ತಿಂದಿದೀನಿ. ಚೆನ್ನಾಗಿತ್ತು. ಒಂದು ದಿನವೂ ಹೇಳಲಿಲ್ಲ. ನೀನಿಲ್ಲದಿದ್ರೆ ನಾನು ಎಂದೋ ಹೋಗಿರ್ತಿದ್ದೆ. ಅಷ್ಟೇ."

ಅಕ್ಕ ಬೈಯಲು ಬಾಯಿ ತೆರೆದವಳು ಸೆರಗು ಕಚ್ಚಿಕೊಂಡು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಸೊಸೆ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಅದು ಒದ್ದೆಯಾಗುತ್ತಲೇ ಇತ್ತು. ಒಳಗೆ ಡಾಕ್ಟರು ಕೈ ತೊಳೆಯುವ ನೀರಿನ ಸದ್ದು ಕೇಳಿತು. ಲಕ್ಷಪ್ಪ ಎದ್ದ. ಬಾಗಿಲವರೆಗೆ ಹೋದ. ಅಲ್ಲಿ ನಿಂತು ಹಿಂದಕ್ಕೆ ಕೈ ಚಾಚಿದ.

"ನೀನೂ ಒಳಗೆ ಬಾರಮ್ಮ. ಒಬ್ಬನೇ ಹೋದ್ರೆ ಮತ್ತೆ ಓಡಿಬಿಡ್ತೀನಿ."